ಮೂರನೇ ಸಲ ಗೇರ್‌ಬಾಕ್ಸ್ ಕೈಕೊಟ್ಟಿದೆ, ಎಂತ ಮಾಡೋದು ಹೇಳಿ

ಮಂಜಿನಮನೆ | ಭಾನುವಾರ ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಸಿಟ್ಟಲ್ಲಿ ಬರೀತಿದ್ದೇನೆ, ಉದ್ದ ಆದರೆ ಬೈಬೇಡಿ.

ನಮ್ಮದು ಕೊಡಗಿನ ಮಾದಾಪುರದ ಹತ್ತಿರ. 2019ರಲ್ಲಿ ಹೊಸದಾಗಿ ತಗೊಂಡ ಏಳು ಸೀಟಿನ ಡೀಸೆಲ್ ಗಾಡಿ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಾಯಿಸೋದು) ಅಲ್ಲ, ಡಿಸಿಟಿ (ಎರಡು ಕ್ಲಚ್ಚಿನದ್ದು) ಅಲ್ಲ, ಟಾರ್ಕ್ ಕನ್ವರ್ಟರ್ ಇರೋ ಆರು ಗೇರಿನ ಆಟೋಮ್ಯಾಟಿಕ್. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಜಗಳ ಆ ಕಡೆ ತಿರುಗ್ತದೆ. ಅಮ್ಮನ ಎರಡೂ ಮಂಡಿ ಆಪರೇಷನ್ ಆಗಿದೆ, ಹತ್ತಿ ಇಳಿಯೋಕೆ ಸೀಟಿನ ಎತ್ತರ ಸರಿಹೋಗ್ತದೆ ಅಂತ ತಗೊಂಡದ್ದು. ಮಕ್ಕಳನ್ನು ಮಡಿಕೇರಿ ಶಾಲೆಗೆ ಬಿಡೋದು ಹೆಂಡತಿ, ದಿನಾ ಆ ತಿರುವುಗಳಲ್ಲಿ ಕ್ಲಚ್ ತುಳಿಯೋ ಕಷ್ಟ ಬೇಡ ಅಂತ ಆಟೋಮ್ಯಾಟಿಕ್.

ಮೊದಲ ಸಲ 2023 ಫೆಬ್ರವರಿ, 51 ಸಾವಿರ ಕಿ.ಮೀ. ಮಂಗಳೂರಿಂದ ಬರ್ತಾ ಕೊಯನಾಡು ದಾಟಿದ ಮೇಲೆ ಎಂಜಿನ್ ಮಾತ್ರ ಕೂಗ್ತದೆ, ಗಾಡಿ ಮುಂದೆ ಹೋಗಲ್ಲ. ವಾರಂಟಿ ಮುಗಿದಿತ್ತು. ವಾಲ್ವ್ ಬಾಡಿ (ಎಣ್ಣೆಯನ್ನು ಆಯಾ ಗೇರಿಗೆ ತಿರುಗಿಸೋ ಭಾಗ) ಹೋಗಿದೆ ಅಂತ ಬದಲಾಯಿಸಿದರು, 96 ಸಾವಿರ ರೂಪಾಯಿ.

ಎರಡನೇ ಸಲ 2024 ಆಗಸ್ಟ್, 66 ಸಾವಿರ ಕಿ.ಮೀ. 50–60ರ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟರೆ ರಸ್ತೆ ಉಬ್ಬಿನ ಪಟ್ಟಿ ಮೇಲೆ ಓಡಿಸಿದ ಹಾಗೆ ಗಡಗಡ ನಡುಕ. ಅದೇ ವರ್ಕ್‌ಶಾಪ್. ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್ ಪ್ಲೇಟ್ ಸೆಟ್, ಟಾರ್ಕ್ ಕನ್ವರ್ಟರ್ ಎಲ್ಲ ಹೊಸದು ಹಾಕಿದರು. 2 ಲಕ್ಷ 35 ಸಾವಿರ.

ಈಗ 78 ಸಾವಿರ ಕಿ.ಮೀ. ಒಂದು ತಿಂಗಳಿಂದ ಅದೇ ನಡುಕ. ಇವತ್ತು ಮೈಸೂರಿಗೆ ಅಂತ ಹೊರಟವರು ಸುಂಟಿಕೊಪ್ಪ, 7ನೇ ಹೊಸಕೋಟೆ ಮಧ್ಯೆ ಚಾ ಕುಡಿಯೋಕೆ ನಿಲ್ಲಿಸಿ ರಿವರ್ಸ್ ಹಾಕಿದರೆ ಗಾಡಿ ಅಲ್ಲಾಡಲ್ಲ. ಆಮೇಲೆ ಡ್ರೈವ್‌ನಲ್ಲೂ ಇಲ್ಲ. ಫೋನ್ ಮಾಡಿದರೆ ವರ್ಕ್‌ಶಾಪಿನವರು ಹೇಳಿದ್ದು: "ಇಡೀ ಗೇರ್‌ಬಾಕ್ಸ್ ಹೊಸದು ಹಾಕಿ ಸರ್, 4 ಲಕ್ಷ 60 ಸಾವಿರ ಆಗಬಹುದು. ನಿಮ್ಮ ಕಡೆ ರಸ್ತೆಗೆ ಹೀಗೆಲ್ಲ ಆಗುತ್ತೆ."

ನಮ್ಮ ಕಡೆ ರಸ್ತೆಗಂತೆ! ಊರಿಗೆ ರೈಲಿಲ್ಲ, ಮಳೆಗೆ ಬಸ್ಸು ಯಾವಾಗ ಬರ್ತದೋ ದೇವರಿಗೇ ಗೊತ್ತು. ಕಾರಿಲ್ಲದೆ ಇಲ್ಲಿ ಬದುಕೋದು ಹೇಗೆ? ಬೇರೆ ಎಲ್ಲ ಗಾಡಿಯಲ್ಲಿ ಚೆನ್ನಾಗಿ ಉಂಟು. ಎಂಜಿನ್ ಆಯಿಲ್ ಕುಡಿಯಲ್ಲ, ಎಸಿ ಸರಿ ಉಂಟು, ಕೂಲಂಟ್ (ಎಂಜಿನ್ ತಣಿಸೋ ದ್ರವ) ಮಾತ್ರ ಎರಡು ತಿಂಗಳಿಗೊಮ್ಮೆ ಸ್ವಲ್ಪ ಹಾಕಬೇಕು ಅಷ್ಟೆ. ದುಡ್ಡು ಹಾಕೋದಾ, ಸಿಕ್ಕಿದಷ್ಟಕ್ಕೆ ಮಾರೋದಾ, ಕೋರ್ಟಿಗೆ ಹೋಗೋದಾ?


ಜೀಪ್ ಹುಚ್ಚ

ಮಾರಿ. ಜೀಪ್ ತಗೊಳ್ಳಿ.


ರೋಬಸ್ಟಾ ರಾಜ

ಅಣ್ಣ, ಬೇಜಾರು ಮಾಡ್ಕೊಬೇಡಿ, ಮನೆಯಲ್ಲಿ ಓಡಿಸೋ ರೀತಿ ಒಮ್ಮೆ ನೋಡಿ. ಏರಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಗಾಡಿಯನ್ನು ತೂಗಿಸಿ ನಿಲ್ಲಿಸೋ ಅಭ್ಯಾಸ ಸುಮಾರು ಜನರಿಗೆ ಉಂಟು. ಕ್ಲಚ್ ಸುಟ್ಟುಹೋಗ್ತದೆ. ನನ್ನ ಭಾವನ ಗಾಡಿ ಹಾಗೇ ಹೋಯ್ತು.


ಘಟ್ಟದ ತಿರುವು

@ರೋಬಸ್ಟಾ ರಾಜ, ನಿಮ್ಮ ಭಾವನದ್ದು ಯಾವ ಗೇರ್‌ಬಾಕ್ಸ್? ಎಎಂಟಿ ಅಥವಾ ಡ್ರೈ ಕ್ಲಚ್ ಡಿಸಿಟಿ ಆದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿ ಕೆಲಸ ಮಾಡೋದು ಮ್ಯಾನುಯಲ್ ಗಾಡಿಯಲ್ಲಿ ಇರೋ ಜಾತಿಯ ಕ್ಲಚ್ಚೇ, ಒತ್ತೋದು ಮಾತ್ರ ಕಾಲಿನ ಬದಲು ಯಂತ್ರ. ಏರಲ್ಲಿ ಇಂಚಿಂಚು ಹೋದರೆ ಜಾರಿ ಜಾರಿ ಬಿಸಿಯಾಗ್ತದೆ.

ಟಾರ್ಕ್ ಕನ್ವರ್ಟರ್ ಹಾಗಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಉಂಟು. ಒಂದು ಫ್ಯಾನ್ ಎಣ್ಣೆಯನ್ನು ತಳ್ತದೆ, ಎದುರಿನ ಫ್ಯಾನ್ ಆ ಹೊಡೆತಕ್ಕೆ ತಿರುಗ್ತದೆ. ಜಾರೋದೇ ಅದರ ಕೆಲಸ. ವೇಗ ಬಂದ ಮೇಲೆ ಒಳಗಿನ ಲಾಕಪ್ ಕ್ಲಚ್ ಹಿಡಿದು ಎರಡನ್ನೂ ಒಂದು ಮಾಡ್ತದೆ. ಘಟ್ಟಕ್ಕೆ ಇದಕ್ಕಿಂತ ಒಳ್ಳೆ ಆಟೋಮ್ಯಾಟಿಕ್ ಇಲ್ಲ. "ನಿಮ್ಮ ಕಡೆ ರಸ್ತೆ" ಅನ್ನೋ ಮಾತು ಅದಕ್ಕೇ ನನಗೆ ಹಿಡಿಸಲಿಲ್ಲ. ಎಣ್ಣೆ ಬಿಸಿ ಆಗ್ತದೆ ನಿಜ, ಆದರೆ ತಣಿಸೋಕೆ ಕೂಲರ್ ಕೊಟ್ಟಿರ್ತಾರಲ್ಲ.


ರೋಬಸ್ಟಾ ರಾಜ

ಭಾವನದ್ದು ಡಿಸಿಟಿ. ಸರಿ, ನನ್ನ ಮಾತು ವಾಪಸ್. ಆದರೂ ಆಕ್ಸಿಲರೇಟರ್‌ನಲ್ಲಿ ನಿಲ್ಲಿಸಬೇಡಿ.


ಕುಶಾಲನಗರದ ಅಕ್ಕ

ನನ್ನದು ಡಿಸಿಟಿ. ಮಳೆಗಾಲದ ಶನಿವಾರ ರಾಜಾಸೀಟ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು "ಟ್ರಾನ್ಸ್‌ಮಿಷನ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ" ಅಂತ ಬಂದಿತ್ತು. ನಿಲ್ಲಿಸಿ ಅಂದರೆ ಎಲ್ಲಿ ನಿಲ್ಲಿಸೋದು, ಮುಂದೆ ಹಿಂದೆ ಬೆಂಗಳೂರು ನಂಬರ್ ಪ್ಲೇಟು! ಸರ್ವಿಸ್‌ನವರು ನನಗೂ ಅದೇ ಹಾಡು ಹಾಡಿದರು: "ಮೇಡಂ, ನೀವು ಓಡಿಸೋ ರೀತಿ."

ಆಸ್ಟ್ರೇಲಿಯಾದಲ್ಲಿ ಈ ಹಾಡು ಹಾಡಿದವರಿಗೆ ಏನಾಯ್ತು ಗೊತ್ತಾ? ಅಲ್ಲಿ ಫೋರ್ಡ್‌ನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತೆ ಅಂತ ದೂರು ಕೊಟ್ಟವರಿಗೆ ನೀವು ಓಡಿಸೋದೇ ಸರಿಯಿಲ್ಲ ಅಂತ ಹೇಳಿ ಕಳಿಸ್ತಿದ್ದರು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗೇರ್‌ಬಾಕ್ಸ್ ಹಾಳಾದದ್ದಕ್ಕಲ್ಲ, ಗ್ರಾಹಕರನ್ನು ಆ ರೀತಿ ನಡೆಸಿಕೊಂಡದ್ದಕ್ಕೆ. ಮಂಜಿನಮನೆ ಅವರದ್ದು ಆ ಗಾಡಿಯೂ ಅಲ್ಲ, ಆ ಗೇರ್‌ಬಾಕ್ಸೂ ಅಲ್ಲ. ಮಾತು ಒಂದೇ ಥರ ಕೇಳಿಸ್ತು, ಹೇಳಿದೆ.


ಕರಿಮೆಣಸು

ಟೂರಿಸ್ಟ್‌ಗಳನ್ನು ಬೈಬೇಡಿ ಅಕ್ಕ, ನಮ್ಮ ಹೋಂಸ್ಟೇ ನಡೀತಿರೋದು ಅವರಿಂದ 😀


ಜೀಪ್ ಹುಚ್ಚ

ಇದೆಲ್ಲ ಓದಿದ ಮೇಲೂ ನನ್ನ ಉತ್ತರ ಅದೇ. ನಮ್ಮ ಮನೆಯ ಜೀಪಿಗೆ ನನಗಿಂತ ವಯಸ್ಸು ಜಾಸ್ತಿ. ಗೇರ್‌ಬಾಕ್ಸ್ ಕೆಳಗಿಳಿಸೋಕೆ ಎರಡು ಜನ, ಒಂದು ಸ್ಪಾನರ್ ಸೆಟ್, ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಮುಗೀತದೆ. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ.


ಕುಶಾಲನಗರದ ಅಕ್ಕ

ಅವರ ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ ಅಂತ ಬರೆದಿದ್ದಾರೆ. ನಿಮ್ಮ ಜೀಪ್ ಹತ್ತೋಕೆ ಏಣಿ ನೀವು ಕೊಡ್ತೀರಾ?


ಜೀಪ್ ಹುಚ್ಚ

ಅಮ್ಮನ ವಿಷಯ ಓದಲಿಲ್ಲ, ಕ್ಷಮಿಸಿ.


ಮಾಲ್ದಾರೆ

ರಿವರ್ಸ್ ಬೀಳಲಿಲ್ಲ ಅಂತ ಓದಿ ಮೈ ಜುಮ್ಮೆಂದಿತು. ಹೋದ ವರ್ಷ ಸಿದ್ದಾಪುರದಿಂದ ಬರ್ತಾ ಸಂಜೆ ಏಳಕ್ಕೆ ತಿರುವಲ್ಲಿ ಒಂಟಿ ಆನೆ. ಎಎಂಟಿ ಗಾಡಿ, ರಿವರ್ಸ್ ಹಾಕಿದೆ, ಸ್ಕ್ರೀನ್ ಮೇಲೆ ಗೇರಿನ ಗುರುತು ಮಿಣಮಿಣ ಅಂತದೆ, ಗಾಡಿ ಯೋಚನೆ ಮಾಡ್ತಾ ಕೂತಿದೆ. ಆನೆಯೂ ಯೋಚನೆ ಮಾಡ್ತಾ ನಿಂತಿದೆ. ಮೊದಲು ತೀರ್ಮಾನಕ್ಕೆ ಬಂದದ್ದು ಆನೆ, ಪುಣ್ಯಕ್ಕೆ ತೋಟದ ಕಡೆ ಇಳಿದು ಹೋಯ್ತು. ಮನೆಗೆ ಬಂದು ನೋಡಿದರೆ 12 ವೋಲ್ಟ್ ಬ್ಯಾಟರಿ ಸತ್ತುಹೋಗೋ ಹಂತದಲ್ಲಿತ್ತು. ಬ್ಯಾಟರಿ ಬದಲಾಯಿಸಿದೆ, ಆಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ. ಗೇರ್‌ಬಾಕ್ಸ್ ಬಿಚ್ಚೋ ಮೊದಲು ಬ್ಯಾಟರಿ, ಅರ್ತ್ ವೈರ್, ಇಲಿ ಕಡಿದ ವೈರ್ ನೋಡಿಸಿ.


ಹಳೇ ಫಿಟ್ಟರ್

ಮಂಜಿನಮನೆಯವರೆ, ಎರಡು ಪ್ರಶ್ನೆ.

ಒಂದು, ಭಾನುವಾರ ಗಾಡಿಯನ್ನು ಮನೆಗೆ ಹೇಗೆ ತಂದಿರಿ?
ಎರಡು, "ಕೂಲಂಟ್ ಸ್ವಲ್ಪ ಹಾಕಬೇಕು ಅಷ್ಟೆ" ಅಂತ ಬರೆದಿದ್ದೀರಿ. ಎಷ್ಟು ಸಮಯದಿಂದ? ಗಾಡಿ ಅಡಿಯಲ್ಲಿ ಎಲ್ಲಾದರೂ ತೊಟ್ಟಿಕ್ಕಿದ ಗುರುತು ಉಂಟಾ?


ಮಂಜಿನಮನೆ

ಪಕ್ಕದ ಮನೆಯವರ ಪಿಕಪ್‌ಗೆ ಹಗ್ಗ ಕಟ್ಟಿ ಎಳೆಸಿದ್ದು. ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಿ, ನಿಧಾನಕ್ಕೆ. 15 ಕಿ.ಮೀ. ಇರಬಹುದು.

ಕೂಲಂಟ್ ಹಾಕೋದು ಎರಡೂವರೆ, ಮೂರು ವರ್ಷದಿಂದ. ಅಂಗಳದಲ್ಲಿ ಗುರುತು ಯಾವತ್ತೂ ನೋಡಿಲ್ಲ. ಯಾಕೆ ಸರ್?


ಘಟ್ಟದ ತಿರುವು

ಅಯ್ಯೋ ಮಾರಾಯ್ರೆ, ಆಟೋಮ್ಯಾಟಿಕ್ ಗಾಡಿಗೆ ಹಗ್ಗ ಕಟ್ಟಿ ಎಳೆಯೋದಾ! ಎಣ್ಣೆ ಪಂಪ್ ತಿರುಗೋದು ಎಂಜಿನ್ನಿಂದ. ಎಂಜಿನ್ ಆಫ್ ಅಂದರೆ ಪಂಪ್ ಆಫ್. ಚಕ್ರ ತಿರುಗ್ತಾ ಒಳಗಿನ ಗೇರು, ಬುಷ್ ಎಲ್ಲ ಎಣ್ಣೆ ಇಲ್ಲದೆ ಉಜ್ಜಿಕೊಳ್ತವೆ. ಮುಂದಿನ ಚಕ್ರದ ಡ್ರೈವ್ ಆದರೆ ಮುಂದಿನ ಎರಡು ಚಕ್ರ ನೆಲ ಮುಟ್ಟಬಾರದು, ಅಥವಾ ಫ್ಲಾಟ್‌ಬೆಡ್ ಲಾರಿ ಮೇಲೆ ಇಡೀ ಗಾಡಿ ಹೋಗಬೇಕು. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೇ ಬರೆದಿರ್ತದೆ.


ಜೀಪ್ ಹುಚ್ಚ

ಭಾನುವಾರ ಜಡಿಮಳೆಯಲ್ಲಿ ಸುಂಟಿಕೊಪ್ಪಕ್ಕೆ ಫ್ಲಾಟ್‌ಬೆಡ್ ಕರೆಸಿ ನೋಡಿ. ಅಮ್ಮನನ್ನು ಕೂರಿಸಿಕೊಂಡು ರಸ್ತೆಯಲ್ಲಿ ಪುಸ್ತಕ ಓದಬೇಕಿತ್ತಾ? ಹಗ್ಗ ಕಟ್ಟಿದ್ದು ನನಗೆ ಅರ್ಥ ಆಗ್ತದೆ.


ಹಳೇ ಫಿಟ್ಟರ್

ಹಗ್ಗದ ವಿಷಯ ಬಿಡಿ, ಆದದ್ದು ಆಯ್ತು. ಅದು ರೋಗ ಅಲ್ಲ, ರೋಗಿಯನ್ನು ಎತ್ತಿಕೊಂಡು ಹೋದ ರೀತಿ. ನನಗೆ ಕೂಲಂಟಿನ ಮೇಲೆ ಅನುಮಾನ.

ನಾನು ಬಸ್ ಡಿಪೋದಲ್ಲಿ 28 ವರ್ಷ ಇದ್ದವನು, ಆಗ ಆಟೋಮ್ಯಾಟಿಕ್ ಮುಟ್ಟಿದವನಲ್ಲ. ನಿವೃತ್ತಿ ಆದ ಮೇಲೆ ತಮ್ಮನ ಗ್ಯಾರೇಜಿನಲ್ಲಿ ಕಲಿತದ್ದು. ಅವನು ಗಲ್ಫಲ್ಲಿ ಇದ್ದವನು, ಅಲ್ಲಿ ಎಲ್ಲ ಆಟೋಮ್ಯಾಟಿಕ್ಕೇ. ಗೇರ್‌ಬಾಕ್ಸ್ ಎಣ್ಣೆಗೆ ನೀರು ಸೇರಿ ಹಾಲಿನ ಹಾಗಾಗೋ ಕಾಯಿಲೆಗೆ ಅಲ್ಲಿಯ ಗ್ಯಾರೇಜ್ ಹುಡುಗರು "ಮಿಲ್ಕ್‌ಶೇಕ್" ಅಂತಿದ್ದರಂತೆ.

ಸುಮಾರು ಗಾಡಿಗಳಲ್ಲಿ ಗೇರ್‌ಬಾಕ್ಸ್ ಎಣ್ಣೆ, ಅಂದರೆ ಎಟಿಎಫ್, ತಣಿಯೋಕೆ ರೇಡಿಯೇಟರ್ ಒಳಗೇ ಒಂದು ಸಣ್ಣ ಕೂಲರ್ ಇಟ್ಟಿರ್ತಾರೆ. ಸುತ್ತ ಕೂಲಂಟ್, ಒಳಗೆ ಎಣ್ಣೆ, ನಡುವೆ ತೆಳು ಲೋಹದ ಗೋಡೆ. ಆ ಗೋಡೆಗೆ ತುಕ್ಕು ಹಿಡಿದೋ ಬಿರುಕು ಬಿಟ್ಟೋ ಒಂದು ಸೂಜಿಮೊನೆಯಷ್ಟು ತೂತಾದರೆ ಸಾಕು. ಗಾಡಿ ಓಡ್ತಿರುವಾಗ ಎಣ್ಣೆಯ ಒತ್ತಡ ಜಾಸ್ತಿ, ಎಣ್ಣೆ ಕೂಲಂಟಿಗೆ ಹೋಗ್ತದೆ. ಆಫ್ ಮಾಡಿದ ಕೂಡಲೇ ಎಣ್ಣೆಯ ಒತ್ತಡ ಸೊನ್ನೆ. ಆದರೆ ಬಿಸಿ ರೇಡಿಯೇಟರ್‌ನಲ್ಲಿ ಸುಮಾರು 1 ಬಾರ್ ಒತ್ತಡ ಇನ್ನೂ ಸ್ವಲ್ಪ ಹೊತ್ತು ನಿಂತಿರ್ತದೆ. ಆಗ ಕೂಲಂಟ್ ತಿರುಗಿ ಗೇರ್‌ಬಾಕ್ಸಿಗೆ ನುಗ್ತದೆ. ನೀವು ಮನೆಗೆ ಬಂದು ಕಾಲು ತೊಳೆದು ಕಾಫಿ ಕುಡೀತಿರುವಾಗ ಗಾಡಿ ಒಳಗೆ ಈ ಕೆಲಸ ನಡೀತಿರ್ತದೆ. ಅಂಗಳಕ್ಕೆ ಒಂದು ಹನಿ ಬೀಳಲ್ಲ.

ಕ್ಲಚ್ ಪ್ಲೇಟ್ ಅಂದರೆ ಉಕ್ಕಿನ ತಟ್ಟೆಗೆ ಕಾಗದದಂಥ ಪದರವನ್ನು ಅಂಟು ಹಾಕಿ ಕೂರಿಸಿದ್ದು. ನೀರು, ಕೂಲಂಟಿನಲ್ಲಿರೋ ಗ್ಲೈಕಾಲ್ ಸೇರಿದರೆ ಆ ಅಂಟು ಬಿಡ್ತದೆ, ಪದರ ಉಬ್ಬಿ ಕಳಚ್ತದೆ. ಮೊದಲ ಲಕ್ಷಣವೇ ಲಾಕಪ್ ಕ್ಲಚ್ಚಿನ ನಡುಕ. ನೀವು 50–60ರಲ್ಲಿ ಗಡಗಡ ಅಂತ ಬರೆದದ್ದು ಅದೇ ಇರಬಹುದು. ಹೊಸ ಪ್ಲೇಟ್, ಹೊಸ ಕನ್ವರ್ಟರ್ ಹಾಕಿ ಹಳೇ ರೇಡಿಯೇಟರ್ ಹಾಗೇ ಬಿಟ್ಟರೆ ಅದೇ ನೀರು ಮತ್ತೆ ಬರ್ತದೆ. ಇಂಥವು ಆರು ತಿಂಗಳಿಗೂ ಹೋಗಿದ್ದು ನೋಡಿದ್ದೇನೆ, ಒಂದೂವರೆ ವರ್ಷ ಎಳೆದದ್ದೂ ನೋಡಿದ್ದೇನೆ. ತೂತಿನ ಗಾತ್ರದ ಮೇಲೆ.

ನನ್ನ ಅಂದಾಜು ತಪ್ಪಿರಬಹುದು. ಹೊರಗೆ ಬೇರೆ ಕೂಲರ್ ಇರೋ ಗಾಡಿಗಳೂ ಉಂಟು. ಆದರೆ ನೋಡೋಕೆ ದುಡ್ಡು ಬೇಡ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿ. ಎಣ್ಣೆ ಜಿಡ್ಡು ಸಿಕ್ಕಿದರೆ ಇಲ್ಲಿ ಬರೀರಿ. ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಉಂಟಾ?


ವರ್ಕ್‌ಶಾಪ್ ಒಳಗಿನವ

ಸ್ವಲ್ಪ ನಮ್ಮ ಕಡೆಯಿಂದಲೂ ಕೇಳಿ. ನಾನು ಬೇರೆ ಊರಿನ, ಬೇರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸೂಪರ್‌ವೈಸರ್. ಗಾಡಿ ಬಂದ ಕೂಡಲೇ ಸ್ಕ್ಯಾನರ್ ಹಾಕ್ತೇವೆ. ಪಿ0741 ಅಂತ ಬಂತು ಅಂದ್ಕೊಳ್ಳಿ, ಲಾಕಪ್ ಕ್ಲಚ್ ಹಿಡೀತಿಲ್ಲ ಅಂತ ಅರ್ಥ. ಕೈಪಿಡಿಯಲ್ಲಿ ಅದಕ್ಕೆ ಒಂದರ ಹಿಂದೆ ಒಂದು ಹೆಜ್ಜೆ ಕೊಟ್ಟಿರ್ತಾರೆ, ಆ ದಾರಿಯಲ್ಲೇ ಹೋಗ್ಬೇಕು. ಕೆಳಗೆ ಹತ್ತು ಗಾಡಿ ಕಾಯ್ತಿರುತ್ತೆ, ಗ್ರಾಹಕರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಆಯ್ತಾ" ಅಂತಾರೆ. ಮೆಕ್ಯಾನಿಕ್ ಬೇಕಂತ ಮೋಸ ಮಾಡಿದ ಅಂತ ಮೊದಲೇ ತೀರ್ಮಾನ ಮಾಡಬೇಡಿ.

ಕೂಲಂಟ್ ಕಮ್ಮಿ ಆಗ್ತಿದೆ ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿದ್ರಾ? ಬರೆಸದಿದ್ರೆ ಅವರಿಗೆ ಹೇಗೆ ಗೊತ್ತಾಗಬೇಕು?


ಹಳೇ ಫಿಟ್ಟರ್

ಕೋಡ್ ಹೇಳೋದು ಏನು ಹಿಡೀತಿಲ್ಲ ಅಂತ. ಯಾಕೆ ಹಿಡೀತಿಲ್ಲ ಅಂತ ಹೇಳೋದು ಎಣ್ಣೆ. ಗೇರ್‌ಬಾಕ್ಸ್ ಬಿಚ್ಚಿದವನ ಕೈಗೆ ಮೊದಲು ತಗಲೋದೂ ಎಣ್ಣೆಯೇ. ಅದು ಹಾಲಾಗಿದ್ದರೆ ಕುರುಡನಿಗೂ ಗೊತ್ತಾಗಬೇಕು ಸ್ವಾಮಿ, ಜಾಬ್ ಕಾರ್ಡ್ ಬೇಡ.


ಕರಿಮೆಣಸು

ನಮ್ಮ ಗಾಡಿಯ ಗೇರ್ ಎಣ್ಣೆ "ಲೈಫ್‌ಟೈಮ್", ಬದಲಾಯಿಸೋದೇ ಬೇಡ ಅಂತ ಹೇಳಿದ್ದಾರೆ. ನಿಜವಾ?


ಘಟ್ಟದ ತಿರುವು

ಯಾರ ಲೈಫ್ ಅಂತ ಕೇಳಿದ್ರಾ? 😀 ನಾನು 60 ಸಾವಿರ ಕಿ.ಮೀ.ಗೆ ಬದಲಾಯಿಸ್ತೇನೆ. ಹೊಸ ಎಣ್ಣೆ ಕೆಂಪು, ತಿಳಿ. ಹಳತು ಕಂದು ಆಗಿ ಸುಟ್ಟ ವಾಸನೆ ಬಂದರೆ ತಡ ಆಯ್ತು ಅಂತ. ಕಂಪನಿ ಹೇಳಿದ ಗ್ರೇಡನ್ನೇ ಹಾಕಿಸಿ, ಅಂಗಡಿಯವನು "ಎಲ್ಲದಕ್ಕೂ ಆಗ್ತದೆ" ಅಂತ ಕೊಡೋ ಡಬ್ಬ ಬೇಡ.


ವರ್ಕ್‌ಶಾಪ್ ಒಳಗಿನವ

ಇದನ್ನು ಒಪ್ತೀನಿ. ಪುಸ್ತಕದ ಹಿಂದಿನ ಪುಟದಲ್ಲಿ "ಕಠಿಣ ಬಳಕೆ" ಅಂತ ಬೇರೆ ಪಟ್ಟಿ ಇರುತ್ತೆ. ಗುಡ್ಡದ ರಸ್ತೆ, ಭಾರ ಎಳೆಯೋದು ಅದರಲ್ಲೇ ಬರುತ್ತೆ. ಮಡಿಕೇರಿ ಇರೋದೇ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲೆ. ಮಂಗಳೂರಿಗೆ ಹೋಗಿ ಬಂದ್ರೆ ಅಷ್ಟನ್ನೂ ಹತ್ತಲೇಬೇಕು. ಕೊಡಗಿನ ಗಾಡಿಗಳೆಲ್ಲ ಆ ಪಟ್ಟಿಯವೇ.


ಲಾ ಪಾಯಿಂಟ್

ಕೋರ್ಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ವಕೀಲ ವೃತ್ತಿಯವನಾದ್ದರಿಂದ ಹೇಳ್ತೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ವರ್ಕ್‌ಶಾಪ್ ಯಾವ ಜಿಲ್ಲೆಯಲ್ಲಾದರೂ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ಹಣ 50 ಲಕ್ಷದೊಳಗೆ ಇದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನೋಂದಾಯಿಸಿ. ಎಷ್ಟೋ ಸಲ ಅಲ್ಲಿಗೇ ವರ್ಕ್‌ಶಾಪಿನವರ ದನಿ ಮೆತ್ತಗಾಗ್ತದೆ.

ಕಾಲಮಿತಿ ಎರಡು ವರ್ಷ. 2023ರ ವಾಲ್ವ್ ಬಾಡಿಯ ಬಿಲ್ ಆ ಲೆಕ್ಕದಲ್ಲಿ ದಾಟಿಹೋಯ್ತು. 2024 ಆಗಸ್ಟಿನದ್ದು ಇನ್ನೂ ಕೈಯಲ್ಲಿದೆ. ಹಾಗಾಗಿ "ಗಾಡಿಯೇ ಕೆಟ್ಟದ್ದು" ಅಂತ ತಯಾರಕರ ಮೇಲೆ ಹೋಗೋದಕ್ಕಿಂತ "2 ಲಕ್ಷ 35 ಸಾವಿರ ತಗೊಂಡು ಕಾರಣ ಹುಡುಕದೆ ರಿಪೇರಿ ಮಾಡಿದ್ದಾರೆ" ಅನ್ನೋ ಸೇವಾ ನ್ಯೂನತೆಯ ದೂರು ಗಟ್ಟಿ. ಆದರೆ ಫಿಟ್ಟರ್ ಸರ್ ಹೇಳಿದ್ದು ನಿಜ ಅಂತ ತೋರಿಸಬೇಕು. ಗಾಡಿಯನ್ನು ಈಗಲೇ ಬಿಚ್ಚಿಸಬೇಡಿ.


ಕುಶಾಲನಗರದ ಅಕ್ಕ | ಬುಧವಾರ

ಮಂಜಿನಮನೆ ಎಲ್ಲಿ ಹೋದರು? ಬೆರಳು ಹಾಕಿದರಾ?


ಮಾಲ್ದಾರೆ

ಮಾದಾಪುರ ಕಡೆ ಮೂರು ದಿನದಿಂದ ಕರೆಂಟ್ ಇಲ್ಲ ಅಂತ ಕೇಳಿದೆ. ಮರ ಬಿದ್ದಿದೆಯಂತೆ. ಕರೆಂಟ್ ಹೋದರೆ ಟವರೂ ಹೋಗ್ತದೆ.


ಕರಿಮೆಣಸು

ಅಲ್ಲಿಯವರೆಗೆ ಕೇಳ್ತೇನೆ, ಈ ಸಲ ಕಕ್ಕಡ ಹದಿನೆಂಟಕ್ಕೆ (ನಮ್ಮ ಮಳೆಗಾಲದ ಹಬ್ಬ) ಪಾಯಸ ಮಾಡೋ ಮದ್ದುಸೊಪ್ಪು ಯಾರ ಹತ್ತಿರ ಉಂಟು? ನಮ್ಮ ಬೇಲಿಯದ್ದು ಆನೆ ತುಳಿದು ಹೋಗಿದೆ.


ರೋಬಸ್ಟಾ ರಾಜ

ನಮ್ಮಲ್ಲಿ ಬೇಕಾದಷ್ಟು. ಮೆಸೇಜ್ ಮಾಡಿ.


ಮಂಜಿನಮನೆ | ಗುರುವಾರ ಸಂಜೆ 6:15

ಕರೆಂಟ್ ಈಗ ಬಂತು. ಫಿಟ್ಟರ್ ಸರ್, ನೀವು ಎಲ್ಲಿದ್ದರೂ ನಿಮಗೊಂದು ನಮಸ್ಕಾರ.

ಸೋಮವಾರವೇ ಟ್ಯಾಂಕಿಗೆ ಬೆರಳು ಹಾಕಿದೆ. ಜಿಡ್ಡು. ಮುಚ್ಚಳದ ಅಡಿಯಲ್ಲಿ ಕಂದು ಲೋಳೆ. ಡಿಪ್‌ಸ್ಟಿಕ್ ಇಲ್ಲ. ಮಂಗಳವಾರ ಫ್ಲಾಟ್‌ಬೆಡ್‌ನಲ್ಲಿ (ಹೌದು, ಈ ಸಲ ಫ್ಲಾಟ್‌ಬೆಡ್!) ಕುಶಾಲನಗರದ ಗ್ಯಾರೇಜಿಗೆ ಒಯ್ದು ಲಿಫ್ಟ್ ಮೇಲೆ ಹತ್ತಿಸಿ ಗೇರ್‌ಬಾಕ್ಸಿನ ಲೆವೆಲ್ ಪ್ಲಗ್ ಸಡಿಲ ಮಾಡಿಸಿದೆ. ಹೊರಗೆ ಬಂದದ್ದು ಎಣ್ಣೆಯ ಹಾಗೇ ಇರಲಿಲ್ಲ. ಮದ್ದುಸೊಪ್ಪಿನ ಪಾಯಸಕ್ಕೆ ತೆಂಗಿನಹಾಲು ಜಾಸ್ತಿ ಬಿದ್ದರೆ ಹಾಲು ಬೆರೆತ ತಿಳಿ ನೇರಳೆ ಬಣ್ಣ ಬರ್ತದಲ್ಲ, ಅದು. ಲಾ ಪಾಯಿಂಟ್ ಅವರ ಮಾತು ಆಮೇಲೆ ಓದಿದ್ದು, ಆದರೂ ದೇವರ ದಯೆಯಿಂದ ಬಿಚ್ಚಿಸಿಲ್ಲ. ಒಂದು ಬಾಟಲಿ ಹಿಡಿದಿಟ್ಟು ಪ್ಲಗ್ ಮುಚ್ಚಿಸಿದೆ, ವಿಡಿಯೋ ಉಂಟು.

ಇನ್ನೊಂದು ವಿಷಯ ಹೇಳಲೇಬೇಕು, ಮುಚ್ಚಿಡೋದು ಸರಿಯಲ್ಲ. "ಕೂಲಂಟ್ ಹಾಕ್ತೇವೆ" ಅಂತ ಬರೆದಿದ್ದೆ. ಮನೆಯಲ್ಲಿ ವಿಚಾರಿಸಿದರೆ ಹಾಕ್ತಿದ್ದದ್ದು ನಮ್ಮ ತೋಟದ ಡ್ರೈವರ್, ಮತ್ತು ಅವನು ಹಾಕ್ತಿದ್ದದ್ದು ತೋಡಿನ ನೀರು. ಕೂಲಂಟ್ ಡಬ್ಬ ಗ್ಯಾರೇಜಿನ ಮೂಲೆಯಲ್ಲಿ ಸೀಲ್ ಒಡೆಯದೆ ಕೂತಿದೆ. "ಪಿಕಪ್‌ಗೂ ಅದೇ ಹಾಕೋದು ಅಣ್ಣ, ಎಂತ ಆಗಲ್ಲ" ಅಂದ. ಬೈಯೋಕೆ ಬಾಯಿ ಬರಲಿಲ್ಲ. ಮೂರು ವರ್ಷದಲ್ಲಿ ನಾನೇ ಒಮ್ಮೆ ಬಾನೆಟ್ ಎತ್ತಿ ನೋಡಿದ್ದರೆ?


ವರ್ಕ್‌ಶಾಪ್ ಒಳಗಿನವ

ಅಲ್ಲಿಗೆ ಮುಗೀತು. ಬರೀ ನೀರು ಹಾಕಿದ್ರೆ ತುಕ್ಕು ತಡೆಯೋ ರಾಸಾಯನಿಕ ತೆಳುವಾಗುತ್ತೆ, ಅಲ್ಯೂಮಿನಿಯಂ ತಿಂದುಹೋಗುತ್ತೆ. ತಪ್ಪು ಮಾಲೀಕರದ್ದೇ. ನಿಜ ಹೇಳಿದ್ದಕ್ಕೆ ಮೆಚ್ಚಿದೆ, ಆದರೆ ವರ್ಕ್‌ಶಾಪ್ ಮೇಲೆ ಹಾಕೋಕೆ ಏನೂ ಉಳಿದಿಲ್ಲ.


ಕುಶಾಲನಗರದ ಅಕ್ಕ

ಹೇಗೆ ಮುಗೀತು? ಕೂಲರ್ ತೂತಾದದ್ದು ನೀರಿನಿಂದಲೇ ಇರಬಹುದು, ಒಪ್ಪಿದೆ. ಆದರೆ ಎರಡನೇ ಸಲ ಗೇರ್‌ಬಾಕ್ಸ್ ಬಿಚ್ಚಿ 2 ಲಕ್ಷ 35 ಸಾವಿರ ತಗೊಂಡವರ ಕಣ್ಣಿಗೆ ಆ ಪಾಯಸ ಯಾಕೆ ಕಾಣಲಿಲ್ಲ? ಡಾಕ್ಟರು ಬೀಡಿ ಸೇದಿದ್ದು ನಿನ್ನ ತಪ್ಪು ಅಂತ ಬೈಯಲಿ, ಆದರೆ ಹೊಟ್ಟೆ ಕೊಯ್ದ ಮೇಲೆ ಗಡ್ಡೆ ನೋಡಲಿಲ್ಲ ಅಂದರೆ?


ಘಟ್ಟದ ತಿರುವು

ಅಕ್ಕನ ಮಾತಿಗೆ ನನ್ನ ಓಟು. ಮೊದಲ ಸಲ ವಾಲ್ವ್ ಬಾಡಿ ಇಳಿಸುವಾಗಲೂ ಎಣ್ಣೆ ಇಳಿಸಲೇಬೇಕಿತ್ತು. ಆಗ ನೀರು ಕಮ್ಮಿ ಇದ್ದಿರಬಹುದು, ಬಿಡಿ. ಎರಡನೇ ಸಲಕ್ಕೆ ನೆಪ ಇಲ್ಲ.


ರೋಬಸ್ಟಾ ರಾಜ

ತೋಡಿನ ನೀರು ನಮ್ಮ ಮನೆ ಗಾಡಿಗೂ ಹಾಕ್ತಾರಾ ಅಂತ ಈಗ ಹೋಗಿ ಕೇಳಿದೆ. ಉತ್ತರ ಬೇಡ ಬಿಡಿ.


ಲಾ ಪಾಯಿಂಟ್

ಇಬ್ಬರ ತಪ್ಪೂ ಇರಬಹುದು, ಆಯೋಗ ಪರಿಹಾರದ ಮೊತ್ತ ಕಡಿಮೆ ಮಾಡಬಹುದು. ಹಾಗಂತ ದೂರು ಬಿದ್ದುಹೋಗಲೇಬೇಕು ಅಂತಿಲ್ಲ. ನೀರು ಹಾಕಿದ್ದನ್ನು ಮುಚ್ಚಿಡಬೇಡಿ, ಎದುರಿನವರು ತೆಗೆದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗ್ತದೆ.

ಬಾಟಲಿ ವಿಷಯ. ಒಂದು ಸಾಲದು. ವರ್ಕ್‌ಶಾಪಿಗೆ ಲಿಖಿತ ನೋಟಿಸ್ ಕೊಟ್ಟು, ಅವರ ಪ್ರತಿನಿಧಿಯ ಎದುರೇ ಇನ್ನೊಂದು ಮಾದರಿ ತೆಗೆಸಿ ಸೀಲ್ ಮಾಡಿಸಿ. ಅವರು ಬರದಿದ್ದರೆ ಕರೆದದ್ದಕ್ಕೆ ದಾಖಲೆ ಇರಲಿ. ವಸ್ತುವಿನ ದೋಷ ಪರೀಕ್ಷೆ ಇಲ್ಲದೆ ತಿಳಿಯೋದಿಲ್ಲ ಅಂತಾದರೆ ಪ್ರಯೋಗಾಲಯಕ್ಕೆ ಕಳಿಸೋ ಅಧಿಕಾರ ಆಯೋಗಕ್ಕೆ ಉಂಟು, ಶುಲ್ಕ ನೀವು ಕಟ್ಟಬೇಕಾಗ್ತದೆ. 2024ರ ಬಿಲ್ಲಿನಲ್ಲಿ ಬದಲಾಯಿಸಿದ ಭಾಗಗಳ ಪಟ್ಟಿ ನೋಡಿ. ರೇಡಿಯೇಟರ್ ಇಲ್ಲ ಅನ್ನೋದೇ ನಿಮಗೆ ಸಾಕ್ಷಿ.


ಮಂಜಿನಮನೆ

ನೋಡಿದೆ. 11 ಐಟಂ, ರೇಡಿಯೇಟರ್ ಇಲ್ಲ. "ಎಟಿಎಫ್ ಕಲುಷಿತ" ಅಂತ ಪೆನ್ನಲ್ಲಿ ಬರೆದ ಒಂದು ಸಾಲು ಜಾಬ್ ಕಾರ್ಡ್ ಮೂಲೆಯಲ್ಲಿ ಉಂಟು! ಇಷ್ಟು ದಿನ ಅದನ್ನು ಓದೇ ಇರಲಿಲ್ಲ.


ಕುಶಾಲನಗರದ ಅಕ್ಕ

@ವರ್ಕ್‌ಶಾಪ್ ಒಳಗಿನವ, ಈಗ ಹೇಳಿ.


ವರ್ಕ್‌ಶಾಪ್ ಒಳಗಿನವ

ಹಾಗೆ ಬರೆದಿದ್ರೆ ನೋಡಿದಾರೆ ಅಂತ ಅರ್ಥ. ನೋಡಿ ಬಿಟ್ಟಿದಾರೆ. ನನ್ನ ಹತ್ತಿರ ವಾದ ಇಲ್ಲ.


ಹಳೇ ಫಿಟ್ಟರ್

ಜಗಳ ವಕೀಲರು ನೋಡಿಕೊಳ್ಳಲಿ, ಗಾಡಿಯ ದಾರಿ ನಾನು ಹೇಳ್ತೇನೆ. ಮಾದರಿ, ಫೋಟೋ ಎಲ್ಲ ಆದ ಮೇಲೆ.

ಮೊದಲು ರೇಡಿಯೇಟರ್ ಹೊಸದು. ಅಥವಾ ಒಳಗಿನ ಕೂಲರ್ ಬಳಸೋದೇ ಬೇಡ, ಗೇರ್ ಎಣ್ಣೆಗೆ ಮುಂದೆ ಬೇರೆ ಕೂಲರ್ ಕೂರಿಸಿ ಪೈಪ್ ತಿರುಗಿಸಬಹುದು. ತಮ್ಮ ಅದನ್ನೇ ಮಾಡ್ತಾನೆ, ಮತ್ತೆ ಈ ರೋಗ ಬರೋ ದಾರಿಯೇ ಇಲ್ಲ. ಕೂಲಂಟ್ ದಾರಿ ಪೂರ್ತಿ ತೊಳೆಯಬೇಕು, ಜಿಡ್ಡು ಉಳಿದರೆ ರಬ್ಬರ್ ಹೋಸ್ ಉಬ್ಬಿ ಹಾಳಾಗ್ತದೆ.

ಗೇರ್‌ಬಾಕ್ಸ್: "ಫ್ಲಶ್ ಮಾಡಿದರೆ ಸಾಕು" ಅನ್ನೋರು ಸಿಗ್ತಾರೆ. ನೀರು ಸೇರಿ ಒಂದೆರಡು ದಿನ ಆಗಿದ್ದರೆ ಅದೃಷ್ಟ ನೋಡಬಹುದಿತ್ತು. ನಿಮ್ಮದು ರಿವರ್ಸ್ ಬಿಟ್ಟು ಆಗಿದೆ, ಪ್ಲೇಟಿನ ಪದರ ಕಳಚಿದೆ. ಬಿಚ್ಚಲೇಬೇಕು. ಪ್ಲೇಟ್, ಸೀಲ್, ಫಿಲ್ಟರ್ ಹೊಸದು, ಕನ್ವರ್ಟರ್ ಹೊಸದು ಅಥವಾ ಕತ್ತರಿಸಿ ರಿಪೇರಿ ಮಾಡಿದ್ದು. ವಾಲ್ವ್ ಬಾಡಿ ತೊಳೆದು ಪರೀಕ್ಷೆ ಮಾಡಿದರೆ ಉಳಿಯಬಹುದು. ಹಗ್ಗ ಕಟ್ಟಿ ಎಳೆದಿದ್ದೀರಲ್ಲ, ಬುಷ್‌ಗಳನ್ನೂ ನೋಡಲಿ. ಅಪಘಾತ ಆದ ಗಾಡಿಯ ಗೇರ್‌ಬಾಕ್ಸ್ ಸಿಕ್ಕರೆ ಅಗ್ಗ, ಆದರೆ ಅದರ ಎಣ್ಣೆ ನೋಡದೆ ತರಬೇಡಿ. 4 ಲಕ್ಷ 60 ಸಾವಿರದ ಹೊಸದನ್ನೇ ಹಾಕಿ ಹಳೇ ರೇಡಿಯೇಟರ್ ಉಳಿಸಿದ್ದರೆ ನೀವು ನಾಲ್ಕನೇ ಸಲ ಇಲ್ಲಿ ಬಂದು ಬರೀತಿದ್ದಿರಿ.


ಜೀಪ್ ಹುಚ್ಚ

ರಿಪೇರಿ ಮುಗಿಯೋವರೆಗೆ ಮಕ್ಕಳ ಶಾಲೆ ಹೇಗೆ? ನಾನು ದಿನಾ ಬೆಳಗ್ಗೆ ಮಾದಾಪುರದಿಂದ ಮಡಿಕೇರಿಗೆ ಹೋಗ್ತೇನೆ, ಹಿಂದೆ ಜಾಗ ಉಂಟು. ಟಾರ್ಪಾಲ್ ಸೋರ್ತದೆ, ರೈನ್‌ಕೋಟ್ ಹಾಕಿಸಿ.


ಮಂಜಿನಮನೆ

ಅಣ್ಣ, ಇದನ್ನು ಮರೆಯಲ್ಲ. ಮಕ್ಕಳಿಗೆ ಹೇಳಿದ್ದಕ್ಕೆ ಕುಣೀತಿದ್ದಾರೆ, ಗಾಡಿ ಸರಿಯಾಗೋದೇ ಬೇಡವಂತೆ.


ಮಂಜಿನಮನೆ | 12 ದಿನದ ನಂತರ

ಸಣ್ಣ ಸುದ್ದಿ. 1915ಕ್ಕೆ ದೂರು ಹಾಕಿ, ನೋಟಿಸ್ ಕಳಿಸಿದ ಮೇಲೆ ವರ್ಕ್‌ಶಾಪಿನಿಂದ ಇಬ್ಬರು ಬಂದರು. ಅವರ ಎದುರೇ ಮಾದರಿ ತೆಗೆದು ಸೀಲ್ ಮಾಡಿದ್ದಾಯ್ತು. "ಕೂಲಿ ಪೂರ್ತಿ ಬಿಡ್ತೇವೆ, ಭಾಗಗಳ ಅರ್ಧ ನೀವು ಕೊಡಿ, ಕೇಸ್ ಬೇಡ" ಅಂತಿದ್ದಾರೆ. ಬರೆದು ಕೊಡಿ ಅಂದೆ, ಇನ್ನೂ ಬರೆದು ಕೊಟ್ಟಿಲ್ಲ. ಮತ್ತೆ ಅವರ ಕೈಗೇ ಗಾಡಿ ಕೊಡೋಕೆ ಹೆಂಡತಿಗೆ ಮನಸ್ಸಿಲ್ಲ, ಫಿಟ್ಟರ್ ಸರ್ ತಮ್ಮನ ಹತ್ತಿರ ಮಾಡಿಸಿ ಬಿಲ್ ಇವರ ಮೇಲೆ ಹಾಕೋಣ ಅಂತಾಳೆ. ಹಾಗೆ ಆಗ್ತದಾ ವಕೀಲರೆ?

ರೇಡಿಯೇಟರ್ ಬಿಚ್ಚಿ ಮನೆಗೆ ತಂದಿದ್ದೇನೆ.


ಲಾ ಪಾಯಿಂಟ್

ಕೇಳಬಹುದು. ನೋಟಿಸಿಗೆ ಅವರು ಕೊಡೋ ಉತ್ತರ ನೋಡಿ ತೀರ್ಮಾನ ಮಾಡೋಣ, ಶನಿವಾರ ಕಾಗದ ಎಲ್ಲ ತಗೊಂಡು ಬನ್ನಿ. ಆ ರೇಡಿಯೇಟರ್ ಗುಜರಿಗೆ ಹಾಕಬೇಡಿ, ತೊಳೆಯಲೂಬೇಡಿ. ಒಣಗಿದ ಜಾಗದಲ್ಲಿ ಜೋಪಾನ ಇಡಿ, ಅದೇ ದೊಡ್ಡ ಸಾಕ್ಷಿ.


ಮಂಜಿನಮನೆ

ಒಣಗಿದ ಜಾಗ ಅಂತ ನಮ್ಮ ಮನೆಯಲ್ಲಿ ಈಗ ಇರೋದು ಒಲೆಯ ಹತ್ತಿರ ಮಾತ್ರ. ಅಲ್ಲಿಟ್ಟೆ. ಅಮ್ಮ ಆಗಲೇ ಅದರ ಮೇಲೆ ಮೂರು ಕೊಡೆ ಒಣಗಿಸೋಕೆ ಹಾಕಿದ್ದಾರೆ.